ಇ20ಗೆ ಮದ್ದೆಂದು ಫ್ಲೋಟ್ ಬಗ್ಗಿಸಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ವಾಹನ ಪುಟದ ಪ್ರಶ್ನೋತ್ತರದಲ್ಲಿ ನಂಜನಗೂಡಿನ ಓದುಗರೊಬ್ಬರು ತಮ್ಮ ಪ್ರೀಮಿಯರ್ ಪದ್ಮಿನಿಯ ಬಗ್ಗೆ ಕೇಳಿದ್ದರು. ಕಾರು ಇತ್ತೀಚೆಗೆ ಚಾಮುಂಡಿ ಬೆಟ್ಟ ಹತ್ತುವಾಗ ಎಳೆಯುತ್ತಿಲ್ಲ, ಎಥನಾಲ್ ಬೆರೆಸಿದ ಪೆಟ್ರೋಲೇ ಕಾರಣವೇ, ಏನು ಮಾಡಬೇಕು ಎಂಬುದು ಅವರ ಪ್ರಶ್ನೆ. ಇ20 (ಶೇ 20 ಎಥನಾಲ್ ಬೆರೆಸಿದ) ಪೆಟ್ರೋಲಿನಲ್ಲಿ ಮಿಕ್ಸ್ಚರ್ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲದು, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ಮುಚ್ಚಳ ತೆಗೆದು, ಒಳಗೆ ತೇಲುವ ಫ್ಲೋಟಿನ ನಾಲಿಗೆಯನ್ನು ಸ್ವಲ್ಪ ಬಗ್ಗಿಸಿ ಪೆಟ್ರೋಲ್ ಮಟ್ಟ ಏರಿಸಿಕೊಳ್ಳಿ ಎಂದು ನಿಮ್ಮ ತಜ್ಞರು ಉತ್ತರ ಕೊಟ್ಟಿದ್ದಾರೆ. ಎಷ್ಟು ಏರಿಸಬೇಕು, ಎಲ್ಲಿಂದ ಅಳೆಯಬೇಕು ಎಂಬುದು ಒಂದಕ್ಷರವೂ ಇಲ್ಲ.

ಪದ್ಮಿನಿಯಲ್ಲಿರುವುದು ಸೋಲೆಕ್ಸ್ ಕಾರ್ಬುರೇಟರ್. ಅದರಲ್ಲಿ ಪೆಟ್ರೋಲ್ ಮಟ್ಟವನ್ನು ಏರಿಸಿ ಇಳಿಸುವುದು ಪೆಟ್ರೋಲ್ ಒಳಬರುವ ಬಾಯಿ ಮುಚ್ಚುವ ನೀಡಲ್ ವಾಲ್ವಿಗೆ ಹಾಕುವ ವಾಷರಿನಿಂದ. ನಿಮ್ಮ ತಜ್ಞರು ಬೇರಾವುದೋ ಕಾರ್ಬುರೇಟರ್ ಮನಸ್ಸಿನಲ್ಲಿಟ್ಟುಕೊಂಡು ಬರೆದಂತಿದೆ. ಅದೊಂದೇ ಆಗಿದ್ದರೆ ನಾನು ಇಷ್ಟುದ್ದದ ಕಾಗದ ಬರೆಯುತ್ತಿರಲಿಲ್ಲ. ಫ್ಲೋಟ್ ಲೆವೆಲ್ ಎಂಬುದು ಮಿಕ್ಸ್ಚರ್ ಹೆಚ್ಚು ಕಡಿಮೆ ಮಾಡಲು ಇರುವ ತಿರುಪು ಎಂಬ ತಿಳಿವಳಿಕೆಯೇ ತಪ್ಪು. ಆ ತಪ್ಪನ್ನು ನಂಬಿ ಹತ್ತು ಜನ ಮುಚ್ಚಳ ಬಿಚ್ಚಿದರೆ ಅವರಲ್ಲಿ ಒಬ್ಬರ ಬಾನೆಟ್ ಕೆಳಗೆ ಬೆಂಕಿ ಹತ್ತಬಹುದು.

ನಾನು ಮೈಸೂರಿನವನು. ಹುಡುಗನಾಗಿದ್ದಾಗ ಬೆಂಗಳೂರಿನ ಜೆ.ಸಿ. ರಸ್ತೆಯ ಗ್ಯಾರೇಜೊಂದರಲ್ಲಿ ಕಾರ್ಬುರೇಟರ್ ತೊಳೆಯುವ ಕೆಲಸಕ್ಕೆ ಸೇರಿ, ಆಮೇಲೆ ಊರಿಗೆ ಬಂದು ಸ್ವಂತ ಗ್ಯಾರೇಜ್ ಇಟ್ಟು, ತಲೆ ನೆರೆಯುವ ತನಕ ಅದನ್ನೇ ಮಾಡಿದವನು. ಇಂಜೆಕ್ಷನ್ ಗಾಡಿಗಳು ಬಂದ ಮೇಲೆ ನಮ್ಮಂಥವರಿಗೆ ಕೆಲಸ ಕಮ್ಮಿಯಾಯಿತು. ಈಗ ಷಟರ್ ಎಳೆದಾಗಿದೆ. ಆದರೂ ಅಂಬಾಸಿಡರ್, ಪದ್ಮಿನಿ, ಮಾರಿಸ್ ಮೈನರ್ ಇಟ್ಟುಕೊಂಡವರು ಮನೆ ಹುಡುಕಿಕೊಂಡು ಬರುತ್ತಾರೆ. ಈಚೆಗೆ ಬರುವ ಗಾಡಿಗಳಲ್ಲಿ ಬಹುಪಾಲು ನನ್ನ ಕೈಗೆ ಸಿಗುವ ಹೊತ್ತಿಗೆ ಯಾರೋ ಒಬ್ಬರು ಫ್ಲೋಟ್ ಬಗ್ಗಿಸಿಯೇ ಇರುತ್ತಾರೆ.

ಫ್ಲೋಟ್ ಮಾಡುವ ಕೆಲಸ ನಮ್ಮ ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಚೆಂಡು ಮಾಡುವ ಕೆಲಸವೇ. ಕಾರ್ಬುರೇಟರಿನ ಬಟ್ಟಲಿಗೆ, ಅಂದರೆ ಬೌಲಿಗೆ, ಪೆಟ್ರೋಲ್ ಬಂದಂತೆ ಫ್ಲೋಟ್ ಏಳುತ್ತದೆ, ಎದ್ದು ನೀಡಲನ್ನು ಅದರ ಸೀಟಿಗೆ ಒತ್ತುತ್ತದೆ, ಪೆಟ್ರೋಲ್ ನಿಲ್ಲುತ್ತದೆ. ಎಂಜಿನ್ ಕುಡಿದಂತೆ ಇಳಿದು ಮತ್ತೆ ಬಿಡುತ್ತದೆ. ಆದರೆ ಟ್ಯಾಂಕಿನಲ್ಲಿ ನೀರು ಒಂದು ಇಂಚು ಮೇಲಿದ್ದರೂ ಕೆಳಗಿದ್ದರೂ ನಡೆಯುತ್ತದೆ. ಕಾರ್ಬುರೇಟರಿನಲ್ಲಿ ಒಂದೆರಡು ಮಿಲಿಮೀಟರಿಗೂ ಬೆಲೆಯಿದೆ. ಯಾಕೆಂದರೆ ಬೌಲಿನಲ್ಲಿರುವ ಮಟ್ಟವೇ ಗಾಳಿಗೆ ಪೆಟ್ರೋಲ್ ಬಿಡುವ ಮೇನ್ ನಾಝಲಿನ ಒಳಗೂ ಇರುತ್ತದೆ. ಎಂಜಿನ್ ನಿಂತಾಗ ಆ ಮಟ್ಟ ನಾಝಲಿನ ಬಾಯಿಗಿಂತ ಕೆಲವೇ ಮಿಲಿಮೀಟರ್ ಕೆಳಗಿರಬೇಕು. ಗಾಳಿಯ ಎಳೆತ ಮೊದಲು ಆ ಅಂತರದಷ್ಟು ಪೆಟ್ರೋಲನ್ನು ಮೇಲಕ್ಕೆತ್ತಬೇಕು, ಆಮೇಲೆ ಪೆಟ್ರೋಲ್ ಚಿಮ್ಮಲು ಶುರು.

ಇಲ್ಲೊಂದು ಚಿಕ್ಕ ಲೆಕ್ಕ ಇದೆ, ಪೆನ್ನು ಹಿಡಿದವರು ಯಾರು ಬೇಕಾದರೂ ಮಾಡಬಹುದು. ಅಂತರ 5 ಮಿ.ಮೀ. ಎಂದುಕೊಳ್ಳಿ. ಪೆಟ್ರೋಲ್ ನೀರಿಗಿಂತ ಹಗುರ, ಮುಕ್ಕಾಲು ಪಾಲಿನಷ್ಟು ತೂಕ. ಅಂದರೆ ಅದನ್ನು ಬಾಯಿಯ ತನಕ ಎತ್ತಲು ನೀರಿನ ಲೆಕ್ಕದಲ್ಲಿ 3.75 ಮಿ.ಮೀ. ಎಳೆತ ಬೇಕು. ಆಕ್ಸಿಲರೇಟರನ್ನು ಆಗಷ್ಟೇ ಮುಟ್ಟಿದಾಗ ಗಾಳಿ ಹಾಯುವ ಕಿರಿದಾದ ಗಂಟಲಾದ ವೆಂಚುರಿಯಲ್ಲಿ 10 ಮಿ.ಮೀ. ಎಳೆತ ಇದ್ದರೆ, ಪೆಟ್ರೋಲ್ ತಳ್ಳಲು ಉಳಿಯುವುದು 6.25. ಈಗ ಮಟ್ಟವನ್ನು 2 ಮಿ.ಮೀ. ಏರಿಸಿ. ಉಳಿಯುವುದು 7.75 ಆಗುತ್ತದೆ, ಪೆಟ್ರೋಲ್ ಹರಿವು ಶೇ 11ರಷ್ಟು ಜಾಸ್ತಿ. ಅದೇ ಆಕ್ಸಿಲರೇಟರ್ ಪೂರ್ತಿ ತುಳಿದು ಎಳೆತ 400 ಮಿ.ಮೀ. ಇರುವಾಗ ಅದೇ 2 ಮಿ.ಮೀ. ಏರಿಕೆಯಿಂದ ಹರಿವು ಹೆಚ್ಚುವುದು ಶೇ 0.2 ಮಾತ್ರ. ಏರ್ ಬ್ಲೀಡ್ (ಪೆಟ್ರೋಲಿಗೆ ಮೊದಲೇ ಗಾಳಿ ಸೇರಿಸುವ ತೂತು) ಮುಂತಾದವನ್ನು ಬಿಟ್ಟು ಹೇಳುತ್ತಿದ್ದೇನೆ, ಆದರೂ ವಿಷಯ ಬದಲಾಗುವುದಿಲ್ಲ. ನಂಜನಗೂಡಿನವರ ದೂರು ಬೆಟ್ಟ ಹತ್ತುವಾಗಿನದು, ಪೂರ್ತಿ ತುಳಿದಾಗಿನದು. ಅಲ್ಲಿ ಫ್ಲೋಟ್ ಏರಿಸಿದರೆ ಏನೂ ಸಿಗುವುದಿಲ್ಲ. ಸಿಗುವುದೆಲ್ಲ ಸಿಟಿಯೊಳಗೆ ನಿಧಾನಕ್ಕೆ ಓಡುವಾಗ: ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್, ಬಿಸಿ ಎಂಜಿನ್ ಸ್ಟಾರ್ಟ್ ಆಗಲು ಹತ್ತು ಸಲ ಸೆಲ್ಫ್ ಹೊಡೆಯುವುದು, ಮೈಲೇಜ್ ಹಾಳು. ಸುಡದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆ ತೊಳೆದು ಆಯಿಲ್ ಸಂಪಿಗೆ ಇಳಿದರೆ ಆಯಿಲ್ ತೆಳ್ಳಗಾಗುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿದರೆ ಗೊತ್ತಾಗುತ್ತದೆ.

ಬೆಂಕಿಯ ಮಾತಿಗೆ ಬರುತ್ತೇನೆ. ಅಂಬಾಸಿಡರಿನ 1489 ಸಿ.ಸಿ. ಎಂಜಿನ್ ಬ್ರಿಟನ್ನಿನ ಬಿ.ಎಂ.ಸಿ. ಕಂಪನಿಯ ಬಿ ಸೀರೀಸ್ ಎಂಜಿನ್. ಅದರಲ್ಲಿ ಇನ್‌ಲೆಟ್, ಎಕ್ಸಾಸ್ಟ್ ಎರಡೂ ಒಂದೇ ಮಗ್ಗುಲಲ್ಲಿವೆ. ಕಾರ್ಬುರೇಟರ್ ಕೂತಿರುವುದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬಳಿಯಲ್ಲೇ. ಮಟ್ಟ ಏರಿಸಿದ ಗಾಡಿ ಸಮ ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತದೆ, ಓನರ್ ಖುಷಿಯಾಗಿರುತ್ತಾರೆ. ಚಾರ್ಮಾಡಿಯೋ ಆಗುಂಬೆಯೋ ಇಳಿಯುವಾಗ ತಿರುವಿನಲ್ಲಿ ಬ್ರೇಕ್ ಹಾಕಿದ ತಕ್ಷಣ ಬೌಲಿನೊಳಗಿನ ಪೆಟ್ರೋಲ್ ಒಂದು ಕಡೆಗೆ ಒತ್ತರಿಸಿ ಬರುತ್ತದೆ, ನಾಝಲಿನಿಂದಲೋ ಓವರ್‌ಫ್ಲೋ ಪೈಪಿನಿಂದಲೋ ಹೊರಗೆ ಚೆಲ್ಲುತ್ತದೆ. ಕೆಳಗೆ ಕಾದ ಬೀಡು ಕಬ್ಬಿಣ. ಆಗುಂಬೆಯಲ್ಲಿ ಅಂಥ ತಿರುವು 14 ಇವೆ. ಒಳಗೆ ಕೂತವರಿಗೆ ಪೆಟ್ರೋಲ್ ವಾಸನೆ ಬಂದರೆ ಅದು ಅವರ ಪುಣ್ಯ, ಬೇಗ ನಿಲ್ಲಿಸಿ ಇಳಿಯುತ್ತಾರೆ. ಕಿಟಕಿ ಇಳಿಸಿಕೊಂಡು ಹೋಗುವವರಿಗೆ ವಾಸನೆಯೂ ಬರುವುದಿಲ್ಲ.

ಹಾಗಾದರೆ ಲೆವೆಲ್ ಎಷ್ಟಿರಬೇಕು? ಕಾರ್ಬುರೇಟರ್ ಮಾಡಿದವನು ಹೇಳಿದಷ್ಟು. ಇದರಲ್ಲಿ ಮೇಸ್ತ್ರಿಯ ಅಭಿಪ್ರಾಯಕ್ಕೆ ಜಾಗವಿಲ್ಲ, ನನ್ನದಕ್ಕೂ ಇಲ್ಲ. ಎಲ್ಲಿಂದ ಎಲ್ಲಿಗೆ ಅಳೆಯಬೇಕು ಎಂಬುದು ಮಾತ್ರ ಒಂದೊಂದರಲ್ಲಿ ಒಂದೊಂದು ತರ. ಅದೇ ಜನ ಎಡವುವ ಜಾಗ.

ಸೋಲೆಕ್ಸಿನಲ್ಲಿ ನೀಡಲ್ ವಾಲ್ವ್ ಮುಚ್ಚಳಕ್ಕೆ ತಿರುಪಿ ಕೂರುತ್ತದೆ, ನಡುವೆ ಒಂದು ವಾಷರ್. ವಾಷರ್ ದಪ್ಪವಾದರೆ ವಾಲ್ವ್ ಕೆಳಗೆ ಇಳಿಯುತ್ತದೆ, ಫ್ಲೋಟ್ ಅದನ್ನು ಬೇಗ ಮುಟ್ಟುತ್ತದೆ, ಮಟ್ಟ ತಗ್ಗುತ್ತದೆ. ತೆಳ್ಳಗಾದರೆ ಮಟ್ಟ ಏರುತ್ತದೆ. ನಡುವೆ ಲಿವರ್ ಇರುವುದರಿಂದ ವಾಷರಿನಲ್ಲಿ ಅರ್ಧ ಮಿ.ಮೀ. ವ್ಯತ್ಯಾಸವಾದರೆ ಬೌಲಿನಲ್ಲಿ ಅದಕ್ಕಿಂತ ಹೆಚ್ಚೇ ಆಗುತ್ತದೆ. ಇವತ್ತು ಅಂಗಡಿಯಲ್ಲಿ ಸಿಗುವ ಕಿಟ್ ಒಡೆದರೆ ಒಂದರಲ್ಲಿ ದಪ್ಪ ಫೈಬರ್ ವಾಷರ್, ಇನ್ನೊಂದರಲ್ಲಿ ಕಾಗದದಷ್ಟು ತೆಳ್ಳಗಿನ ತಾಮ್ರದ್ದು. ಹುಡುಗರು ಸಿಕ್ಕಿದ್ದನ್ನು ಹಾಕುತ್ತಾರೆ. ಹಳೆಯದು ಮುಚ್ಚಳಕ್ಕೆ ಅಂಟಿಕೊಂಡಿದ್ದರೆ ಅದರ ಮೇಲೇ ಹೊಸದು. ಕೆಲವರು ವಾಷರನ್ನೇ ಬಿಟ್ಟು ಬಿಗಿದಿರುತ್ತಾರೆ. ಆಗ ನೀಡಲ್ ಎಷ್ಟು ಗಟ್ಟಿಯಾಗಿ ಕೂತರೂ ಪೆಟ್ರೋಲ್ ವಾಲ್ವಿನ ತಿರುಪಿನ ಸುತ್ತ ನುಸುಳಿ ಬರುತ್ತದೆ, ಓವರ್‌ಫ್ಲೋ ಯಾಕೆ ನಿಲ್ಲುತ್ತಿಲ್ಲ ಎಂದು ತಲೆ ಕೆಡಿಸಿಕೊಂಡು ಮೂರು ನೀಡಲ್ ಬದಲಾಯಿಸಿರುತ್ತಾರೆ. ಕಿಟ್ ಹಾಕುವ ಮುಂಚೆ ಹಳೆಯ ವಾಷರನ್ನು ವರ್ನಿಯರಿನಲ್ಲಿ ಅಳೆದು, ಅದೇ ದಪ್ಪದ್ದನ್ನು ಹಾಕುವುದು ಐದು ನಿಮಿಷದ ಕೆಲಸ.

ಹಾಕಿದ ಮೇಲೆ ಕಣ್ಣಾರೆ ನೋಡಬೇಕು. ಗಾಡಿ ಸಮತಟ್ಟು ನೆಲದಲ್ಲಿರಬೇಕು. ನಮ್ಮ ಮನೆಗಳ ಮುಂದಿನ ರ‍್ಯಾಂಪ್ ಮೇಲೆ ನಿಲ್ಲಿಸಿ ಅಳೆದರೆ ಆ ಅಳತೆ ಯಾವ ಕೆಲಸಕ್ಕೂ ಬರುವುದಿಲ್ಲ. ಎಂಜಿನ್ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ, ಎಂಜಿನ್ ಬಿಸಿ ಆರಲು ಬಿಟ್ಟು, ಮುಚ್ಚಳ ಅಲುಗಾಡಿಸದೆ ತೆಗೆದು, ಬೌಲಿನ ಮೇಲಂಚಿನಿಂದ ಪೆಟ್ರೋಲಿನ ಮೈ ತನಕ ಡೆಪ್ತ್ ಗೇಜಿನಲ್ಲಿ ಅಳೆಯಬೇಕು. ಗೋಡೆಯ ಹತ್ತಿರ ಪೆಟ್ರೋಲ್ ಮೇಲಕ್ಕೆ ಅಂಟಿಕೊಂಡಿರುತ್ತದೆ, ನಡುವೆ ಅಳೆಯಿರಿ. ಬೀಡಿ ಸೇದುವವರನ್ನು ಗೇಟಿನಾಚೆ ಕಳಿಸಿ.

ಎಸ್.ಯು. ಕಾರ್ಬುರೇಟರಿನದು ಬೇರೆ ಪದ್ಧತಿ. ಮಾರಿಸ್ ಮೈನರಿನಲ್ಲಿ, ಹಳೆಯ ಅಂಬಾಸಿಡರುಗಳಲ್ಲಿ ಇದೇ ಇತ್ತು. ಇದನ್ನು 1905ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಮಾಡಿದ ಸ್ಕಿನ್ನರ್ ಸಹೋದರರ ಮನೆತನದ ಕಸುಬು ಚಪ್ಪಲಿ, ಬೂಟಿನ ವ್ಯಾಪಾರ. ಮೊದಲ ಕಾರ್ಬುರೇಟರುಗಳಲ್ಲಿ ಪಿಸ್ಟನ್ ಬದಲು ಚರ್ಮದ ತಿದಿ ಇತ್ತಂತೆ ಎಂದು ನನ್ನ ಗುರುಗಳು ಹೇಳಿದಾಗ ನಂಬಿರಲಿಲ್ಲ, ಆಮೇಲೆ ನೋಡಿದರೆ ನಿಜವೇ. ಇರಲಿ. ಎಚ್.ಎಸ್. ಮಾದರಿಯ ನೈಲಾನ್ ಫ್ಲೋಟಿಗೆ ಮುಚ್ಚಳವನ್ನು ಬಿಚ್ಚಿ ತಲೆಕೆಳಗೆ ಹಿಡಿಯಬೇಕು. ಫ್ಲೋಟ್ ತನ್ನ ಭಾರಕ್ಕೇ ನೀಡಲಿನ ಮೇಲೆ ಕೂರುತ್ತದೆ. ಮುಚ್ಚಳದ ಅಂಚಿಗೂ ಫ್ಲೋಟಿಗೂ ನಡುವೆ 1/8 ಇಂಚು, ಅಂದರೆ 3.2 ಮಿ.ಮೀ. ಸಂದು ಇರಬೇಕು, 3/16 ಇಂಚು ದಾಟಬಾರದು. ಇದಕ್ಕೆ ವಿಶೇಷ ಗೇಜ್ ಬೇಡ, 1/8 ಇಂಚಿನ ಡ್ರಿಲ್ ಬಿಟ್ಟಿನ ನುಣುಪು ಭಾಗವನ್ನು ಹಿಂಜ್ ಪಿನ್ನಿಗೆ ಸಮಾನಾಂತರವಾಗಿ ಅಡ್ಡ ಇಟ್ಟರೆ ಸಾಕು. ಅದಕ್ಕೂ ಹಿಂದಿನ, ಹಿತ್ತಾಳೆ ಫ್ಲೋಟಿನ ಎಚ್. ಮಾದರಿಯಲ್ಲಿ ಅಳೆಯುವುದು ಫ್ಲೋಟಿಗಲ್ಲ, ಕವೆಯಂತಿರುವ ಲಿವರಿಗೆ, ಎಂ.ಜಿ.ಎ. ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ಅದು 7/16 ಇಂಚು. 1/8 ಎಂದು ಎಲ್ಲೋ ಓದಿದವರು ಇದಕ್ಕೂ ಅದನ್ನೇ ಹಿಡಿದು ಕೂತರೆ ಮುಗಿಯಿತು. ಇನ್ನು ಎಚ್.ಎಸ್.ನಲ್ಲೇ ಫ್ಲೋಟೂ ಅದರ ಕೈಯೂ ಒಂದೇ ಅಚ್ಚಿನ ಪ್ಲಾಸ್ಟಿಕ್ ಆಗಿರುವುದುಂಟು. ಅದನ್ನು ಬಗ್ಗಿಸಿದರೆ ಮುರಿಯುತ್ತದೆ. ಅಲ್ಲಿ ಸೀಟಿನ ಕೆಳಗೆ ವಾಷರ್ ಹಾಕಿಯೇ ಸರಿ ಮಾಡಬೇಕು.

ವೆಬರ್ ಡಿ.ಸಿ.ಓ.ಇ. ನಮ್ಮಲ್ಲಿ ಅಪರೂಪ. ಶೋಲಾವರಂನಲ್ಲಿ ರೇಸ್ ಓಡಿಸುತ್ತಿದ್ದವರ ಗಾಡಿಗಳಲ್ಲಿ ನೋಡಿದ್ದು, ಈಗ ಹೊರದೇಶದಿಂದ ತರಿಸಿಕೊಳ್ಳುವವರಿದ್ದಾರೆ. ಅದರ ನೀಡಲಿನ ತುದಿಯಲ್ಲಿ ಸ್ಪ್ರಿಂಗ್ ಮೇಲೆ ಕೂತ ಸಣ್ಣ ಗುಂಡು ಇರುತ್ತದೆ. ಮುಚ್ಚಳವನ್ನು ಲಂಬವಾಗಿ ಹಿಡಿದು, ನಾಲಿಗೆ ಆ ಗುಂಡನ್ನು ಮುಟ್ಟಬೇಕು, ಅದುಮಬಾರದು. ಆಗ ಪ್ಯಾಕಿಂಗಿನಿಂದ ಫ್ಲೋಟಿಗೆ 8.5 ಮಿ.ಮೀ. ಇರಬೇಕು. ತಲೆಕೆಳಗೆ ಹಿಡಿದರೆ ಫ್ಲೋಟಿನ ಭಾರಕ್ಕೆ ಗುಂಡು ಒಳಗೆ ಹೋಗಿ ಅಳತೆಯೇ ಸುಳ್ಳು. ಫ್ಲೋಟ್ ಹಿತ್ತಾಳೆಯದಾದರೆ ಈ 8.5, ಪ್ಲಾಸ್ಟಿಕ್ ಆದರೆ 12. ಕಾರ್ಬುರೇಟರ್ ಒಂದೇ, ಫ್ಲೋಟ್ ಬದಲಾದರೆ ಅಳತೆಯೂ ಬದಲು. ನಿಮ್ಮ ಪುಟದಲ್ಲಿ ಕಾರ್ಬುರೇಟರಿನ ಹೆಸರೇ ಇಲ್ಲದೆ ಸಲಹೆ ಕೊಟ್ಟರೆ ಓದುಗ ಏನು ಮಾಡಬೇಕು?

ನಾಲಿಗೆ ಇರುವ ಕಾರ್ಬುರೇಟರಿನಲ್ಲೂ ಬಗ್ಗಿಸುವ ರೀತಿ ಇದೆ. ಫ್ಲೋಟನ್ನು ಪಿನ್ನಿನಿಂದ ಬಿಚ್ಚಿ ಕೈಯಲ್ಲಿ ಹಿಡಿದು, ಚಿಕ್ಕ ಇಕ್ಕಳದಿಂದ ನಾಲಿಗೆಯನ್ನಷ್ಟೇ ಕೂದಲೆಳೆಯಷ್ಟು ಅಲುಗಿಸಬೇಕು. ನಾನು ನೋಡುವುದು ಏನೆಂದರೆ, ಮುಚ್ಚಳದಲ್ಲೇ ಇಟ್ಟು ಫ್ಲೋಟನ್ನು ಹೆಬ್ಬೆರಳಿನಲ್ಲಿ ಒತ್ತಿಬಿಡುತ್ತಾರೆ. ಹಾಗೆ ಒತ್ತಿದ ಬಲವೆಲ್ಲ ನೀಡಲಿನ ತುದಿಗೆ ಬೀಳುತ್ತದೆ. ತುದಿಯಲ್ಲಿ ಒಂದು ಉಂಗುರದ ಗೆರೆ ಬಿದ್ದರೆ ಆ ನೀಡಲ್ ಇನ್ನು ಪೆಟ್ರೋಲ್ ಹಿಡಿಯುವುದಿಲ್ಲ. ಹಳೆಯ ನೀಡಲನ್ನು ಉಗುರಿನಲ್ಲಿ ಸವರಿ ನೋಡಿ, ಗೆರೆ ಸಿಕ್ಕಿದರೆ ಅದಕ್ಕೆ ಲೆವೆಲ್ ಕೂರಿಸಿ ಪ್ರಯೋಜನವಿಲ್ಲ. ನೀಡಲ್ ಬದಲಾಯಿಸುವಾಗ ಸೀಟನ್ನೂ ಬದಲಾಯಿಸಬೇಕು, ಎರಡೂ ಜೋಡಿ.

ಫ್ಲೋಟಿನ ತೂಕದ ವಿಷಯ ಯಾರೂ ಕೇಳುವುದಿಲ್ಲ. ಹಿತ್ತಾಳೆ ಫ್ಲೋಟಿಗೆ ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತಾದರೂ ಒಳಗೆ ಪೆಟ್ರೋಲ್ ಸೇರುತ್ತದೆ, ಫ್ಲೋಟ್ ಮುಳುಗುತ್ತದೆ, ಮಟ್ಟ ಏರುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಸದ್ದು ಕೇಳುತ್ತದೆ. ತೂತು ಎಲ್ಲಿದೆ ಎಂದು ತಿಳಿಯಲು ಬಿಸಿ ನೀರಿನಲ್ಲಿ ಅದ್ದಿ ಹಿಡಿದರೆ ಗುಳ್ಳೆ ಬರುತ್ತದೆ. ಒಳಗಿನ ಪೆಟ್ರೋಲ್ ಪೂರ್ತಿ ಆರಿಹೋಗುವ ತನಕ ಬೆಸುಗೆಗೆ ಕೈ ಹಾಕಬಾರದು, ಸಿಡಿಯುತ್ತದೆ. ಸರಿ, ಬೆಸುಗೆ ಹಾಕಿದಿರಿ. ಆ ಸೀಸ ತವರದ ತೂಕ ಎಲ್ಲಿ ಹೋಯಿತು? ಹುಣಸೂರಿನ ಕಡೆಯಿಂದ ಬಂದಿದ್ದ ಅಂಬಾಸಿಡರ್ ಒಂದಕ್ಕೆ ಎಷ್ಟು ಸಲ ಲೆವೆಲ್ ಸರಿಯಾಗಿ ಕೂರಿಸಿದರೂ ಗಾಡಿ ರಿಚ್ಚೇ, ಅಂದರೆ ಪೆಟ್ರೋಲ್ ಹೆಚ್ಚಾಗಿಯೇ, ಓಡುತ್ತಿತ್ತು. ಫ್ಲೋಟ್ ತೆಗೆದು ನೋಡಿದರೆ ಮೂರು ಕಡೆ ಗಂಟು ಗಂಟಾಗಿ ಬೆಸುಗೆ. ಅದನ್ನೂ ನನ್ನ ಹತ್ತಿರ ಇದ್ದ ಒಳ್ಳೆಯ ಫ್ಲೋಟನ್ನೂ ಜೇಬಿಗೆ ಹಾಕಿಕೊಂಡು ಅಶೋಕ ರಸ್ತೆಯ ಪರಿಚಯದ ಚಿನ್ನದಂಗಡಿಗೆ ಹೋದೆ. ಅಂಗಡಿಯವರು ನಕ್ಕರು, ಆದರೂ ತೂಗಿ ಕೊಟ್ಟರು. ಬೆಸುಗೆಯದು 2 ಗ್ರಾಂ ಜಾಸ್ತಿ ಇತ್ತು. 4 ಸೆಂ.ಮೀ. ಅಗಲದ ಫ್ಲೋಟಿಗೆ 2 ಗ್ರಾಂ ಹೆಚ್ಚಾದರೆ ಅದು ಪೆಟ್ರೋಲಿನಲ್ಲಿ 2 ಮಿ.ಮೀ.ಗೂ ಹೆಚ್ಚು ಮುಳುಗುತ್ತದೆ. ತಲೆಕೆಳಗೆ ಹಿಡಿದು ಅಳೆದಾಗ ಎಲ್ಲ ಸರಿಯಾಗಿ ಕಾಣುತ್ತದೆ, ಪೆಟ್ರೋಲಿಗೆ ಬಿದ್ದಾಗ ಬಣ್ಣ ಬಯಲು. ಅದಕ್ಕೇ ನಾನು ಒಣ ಅಳತೆ ಒಂದನ್ನೇ ನಂಬುವವನಲ್ಲ, ಪೆಟ್ರೋಲಿನ ಮಟ್ಟವನ್ನೇ ನೋಡಬೇಕು ಎನ್ನುವವನು. ಬೌಲಿನ ಕೆಳಗೆ ಡ್ರೈನ್ ಸ್ಕ್ರೂ ಇರುವ ಕಡೆ ಅದಕ್ಕೊಂದು ನಳಿಕೆ ಕೂರಿಸಿ, ಪಾರದರ್ಶಕ ಪೈಪನ್ನು ಮೇಲಕ್ಕೆ ಹಿಡಿದರೆ ಒಳಗಿನ ಮಟ್ಟ ಹೊರಗೇ ಕಾಣುತ್ತದೆ.

ಇನ್ನೊಂದು ರೋಗ ಈಚಿನದು. ಹಳೆಯ ಮೆಕ್ಯಾನಿಕಲ್ ಪಂಪ್ ಡಯಾಫ್ರಂ ಸಿಗುತ್ತಿಲ್ಲವೆಂದು ಯಾವುದೋ ಎಲೆಕ್ಟ್ರಿಕ್ ಪಂಪ್ ಜೋಡಿಸುತ್ತಾರೆ. ಈ ಕಾರ್ಬುರೇಟರುಗಳ ನೀಡಲ್ ತಡೆಯುವುದು 3 ಪಿ.ಎಸ್.ಐ. ಆಸುಪಾಸಿನ ಒತ್ತಡವನ್ನು. ಅದಕ್ಕಿಂತ ಜೋರಾಗಿ ನೂಕಿದರೆ ಫ್ಲೋಟ್ ಎಷ್ಟು ಒತ್ತಿ ಹಿಡಿದರೂ ನೀಡಲ್ ಬಾಯಿ ಬಿಡುತ್ತದೆ. ಆಗ ಫ್ಲೋಟ್ ತಗ್ಗಿಸುತ್ತಾರೆ. ನಿಂತಾಗ ಓವರ್‌ಫ್ಲೋ ನಿಲ್ಲುತ್ತದೆ, ಓಡುವಾಗ ಮಿಸ್ಸಿಂಗ್ ಶುರುವಾಗುತ್ತದೆ. ಆ ಮಿಸ್ಸಿಂಗಿಗೆ ಪ್ಲಗ್, ಕಾಯಿಲ್, ಡಿಸ್ಟ್ರಿಬ್ಯೂಟರ್ ಕ್ಯಾಪ್ ಎಲ್ಲ ಬದಲಾಗುತ್ತದೆ. ಪ್ರೆಷರ್ ರೆಗ್ಯುಲೇಟರ್ ಒಂದು ಹಾಕಿದ್ದರೆ ಮುಗಿಯುತ್ತಿತ್ತು.

ಎಮಿಷನ್ ಟೆಸ್ಟ್ ಮಾಡುವ ಕಡೆಯೂ ಇದೇ ಗೊಂದಲ. ಬಿ.ಎಸ್. 2 (ಭಾರತ್ ಸ್ಟೇಜ್ 2) ಹೊಗೆ ನಿಯಮಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಶೇ 3 ದಾಟಬಾರದು. ದಾಟಿದರೆ ಅಲ್ಲೇ ಇರುವ ಹುಡುಗ ಸ್ಕ್ರೂಡ್ರೈವರ್ ತೆಗೆದು ಐಡ್ಲಿಂಗ್ ಮಿಕ್ಸ್ಚರ್ ಸ್ಕ್ರೂ ಬಿಗಿಯುತ್ತಾನೆ. ಸೋಲೆಕ್ಸಿನಲ್ಲಿ ಆ ಸ್ಕ್ರೂವನ್ನು ಪೂರ್ತಿ ಬಿಗಿದರೂ ಎಂಜಿನ್ ನಿಲ್ಲದೆ ಓಡುತ್ತಿದ್ದರೆ ಪೆಟ್ರೋಲ್ ಬೇರೆ ದಾರಿಯಲ್ಲಿ ಬರುತ್ತಿದೆ ಎಂದರ್ಥ. ಏರ್ ಕ್ಲೀನರ್ ತೆಗೆದು ಟಾರ್ಚ್ ಬಿಟ್ಟು ನೋಡಿ. ಐಡ್ಲಿಂಗಿನಲ್ಲಿ ಮೇನ್ ನಾಝಲ್ ಒಣಗಿರಬೇಕು. ಹನಿ ತೊಟ್ಟಿಕ್ಕುತ್ತಿದ್ದರೆ ಮೊದಲು ನೋಡಬೇಕಾದ್ದು ಫ್ಲೋಟ್, ನೀಡಲ್. ಸ್ಕ್ರೂ ಆಮೇಲೆ.

ಈಗ ಇ20. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಪ್ರಧಾನಿಯವರು ಇದಕ್ಕೆ ಚಾಲನೆ ಕೊಟ್ಟರು. ಮಿಕ್ಸ್ಚರ್ ಲೀನ್ ಆಗುತ್ತದೆ ಎಂದು ನಿಮ್ಮ ತಜ್ಞರು ಬರೆದದ್ದು ಸರಿ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಒಂದು ಕೆ.ಜಿ. ಬರೀ ಪೆಟ್ರೋಲ್ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು, ಎಥನಾಲಿಗೆ 9 ಸಾಕು. ಶೇ 20 ಬೆರೆಸಿದಾಗ ಅದು 13.5ರ ಹತ್ತಿರ ಬರುತ್ತದೆ. ಅಂದರೆ ಅದೇ ಗಾಳಿಗೆ ಶೇ 8ರಿಂದ 9ರಷ್ಟು ಹೆಚ್ಚು ಪೆಟ್ರೋಲ್ ಬೇಕು, ಮೆಲ್ಲಗೆ ಹೋದರೂ ಬೇಕು, ಜೋರಾಗಿ ಹೋದರೂ ಬೇಕು. ಎಲ್ಲ ವೇಗದಲ್ಲೂ ಒಂದೇ ಸಮ ಹೆಚ್ಚಿಸುವ ಕೆಲಸ ಜೆಟ್ಟಿನದು, ಅಂದರೆ ಪೆಟ್ರೋಲ್ ಹಾಯುವ ಅಳತೆಯ ತೂತಿನದು. ಸೋಲೆಕ್ಸ್ ಮೇನ್ ಜೆಟ್ಟಿನ ಮೇಲಿನ ಅಂಕಿ ಅದರ ತೂತಿನ ಅಗಲ, ಮಿಲಿಮೀಟರಿನ ನೂರನೇ ಭಾಗದಲ್ಲಿ. 125ರ ಜೆಟ್ ಇದ್ದ ಕಡೆ 130 ಹಾಕಿದರೆ ತೂತಿನ ವಿಸ್ತೀರ್ಣ ಶೇ 8 ಹೆಚ್ಚುತ್ತದೆ. ಲೆಕ್ಕ ಕೈಗೆ ಸಿಕ್ಕಿತಲ್ಲ! ಎಸ್.ಯು.ನಲ್ಲಿ ಇನ್ನೂ ಸುಲಭ, ಜೆಟ್ ಕೆಳಗಿನ ನಟ್ಟನ್ನು ಒಂದೆರಡು ಮುಖ ಕೆಳಗಿಳಿಸಿದರೆ ರಿಚ್ ಆಗುತ್ತದೆ, ಬೇಡವೆನಿಸಿದರೆ ವಾಪಸ್ ತಿರುಗಿಸಬಹುದು.

ಅದನ್ನೂ ಪ್ಲಗ್ ಬಣ್ಣ ನೋಡದೆ ಮಾಡಬೇಡಿ. ನಮ್ಮ ಹಳೆಯ ಗಾಡಿಗಳಲ್ಲಿ ಅನೇಕವು ಸವೆದ ಜೆಟ್ಟಿನಿಂದ ಮೊದಲೇ ರಿಚ್ ಓಡುತ್ತಿದ್ದವು, ಇ20 ಬಂದ ಮೇಲೆ ತಾನಾಗಿ ಸಮಕ್ಕೆ ಬಂದಿವೆ. ಅಂಥ ಗಾಡಿಯವರು ಸುಮ್ಮನಿರುವುದೇ ಒಳ್ಳೆಯದು.

ಎಥನಾಲ್ ಪೆಟ್ರೋಲಿಗಿಂತ ತುಸು ಭಾರ, ಆದ್ದರಿಂದ ಫ್ಲೋಟ್ ಹೆಚ್ಚು ತೇಲುತ್ತದೆ, ಮಟ್ಟ ಇಳಿಯುತ್ತದೆ, ಅದನ್ನು ಸರಿ ಮಾಡಬೇಡವೇ ಎಂದು ಇಂಜಿನಿಯರಿಂಗ್ ಓದಿದ ಹುಡುಗನೊಬ್ಬ ನನ್ನನ್ನು ಕೇಳಿದ್ದ. ಒಳ್ಳೆಯ ಪ್ರಶ್ನೆ. ಬೆರಕೆಯ ಸಾಂದ್ರತೆ ಶೇ 1ಕ್ಕಿಂತ ಸ್ವಲ್ಪ ಹೆಚ್ಚುತ್ತದೆ ಅಷ್ಟೆ. ಫ್ಲೋಟ್ 15 ಮಿ.ಮೀ. ಮುಳುಗಿರುತ್ತದೆ ಎಂದರೆ ವ್ಯತ್ಯಾಸ 0.2 ಮಿ.ಮೀ. ಕೂಡ ಬರುವುದಿಲ್ಲ. ಅಷ್ಟನ್ನು ಇಕ್ಕಳದಲ್ಲಿ ಬಗ್ಗಿಸುವ ಕೈ ಇದ್ದವರು ವಾಚ್ ರಿಪೇರಿಗೆ ಹೋಗಬಹುದು.

ನಂಜನಗೂಡಿನ ಓದುಗರಿಗೆ ನಾನು ಹೇಳುವುದಿಷ್ಟು. ಹಳೆಯ ಟ್ಯಾಂಕಿನ ಗೋಡೆಗೆ ವರ್ಷಗಟ್ಟಲೆ ಅಂಟಿಕೊಂಡಿದ್ದ ಅಂಟು, ತುಕ್ಕುಪುಡಿಯನ್ನು ಎಥನಾಲ್ ಕಿತ್ತು ತರುತ್ತದೆ. ಅದು ಪಂಪಿನ ಜಾಲರಿಯಲ್ಲೋ ಕಾರ್ಬುರೇಟರ್ ಬಾಯಿಯ ಫಿಲ್ಟರಿನಲ್ಲೋ ಕೂರುತ್ತದೆ. ಸಮ ರಸ್ತೆಯಲ್ಲಿ ಬೌಲಿಗೆ ಸಾಕಾಗುವಷ್ಟು ಪೆಟ್ರೋಲ್ ಬರುತ್ತಿರುತ್ತದೆ, ಬೆಟ್ಟ ಹತ್ತುವಾಗ ಸಾಲದೆ ಬೌಲ್ ಖಾಲಿಯಾಗುತ್ತಾ ಹೋಗುತ್ತದೆ. ಮೊದಲು ಜಾಲರಿ ತೊಳೆಯಿರಿ. ಕಾರ್ಬುರೇಟರಿಗೆ ಬರುವ ಪೈಪನ್ನು ಬಾಟಲಿಗೆ ಬಿಟ್ಟು ಸೆಲ್ಫ್ ಹೊಡೆದು ಪಂಪ್ ಚೆನ್ನಾಗಿ ಚಿಮ್ಮುತ್ತದೆಯೇ ನೋಡಿ. ಹಾಗೆ ಮಾಡುವಾಗ ಕಾಯಿಲ್ ತಂತಿ ಬಿಚ್ಚಿಡಿ, ಕಿಡಿ ಹಾರಬಾರದು. ಎಥನಾಲಿಗೆ ಹಳೆಯ ರಬ್ಬರ್ ಪೈಪ್ ಒಳಗೊಳಗೇ ಊದಿಕೊಂಡು ದಾರಿ ಕಟ್ಟುವುದೂ ಉಂಟು, ಅದನ್ನೂ ಬದಲಾಯಿಸಿ. ಇಷ್ಟಾಗಿಯೂ ಎಳೆಯದಿದ್ದರೆ ಪ್ಲಗ್ ನೋಡಿ ಜೆಟ್ಟಿನ ಮಾತು.

ಕೊನೆಯದಾಗಿ, ಇನ್ನೂ ಹಳೆಯ ಕಾರುಗಳಿರುವವರಿಗೆ ಒಂದು ಮಾತು ಪ್ರಕಟಿಸಿದರೆ ಉಪಕಾರವಾದೀತು. 50 ವರ್ಷ ದಾಟಿದ ವಾಹನಗಳಿಗೆ 2021ರಿಂದ ವಿ.ಎ. ಸರಣಿಯ ಪ್ರತ್ಯೇಕ ನೋಂದಣಿ ಬಂದ ಮೇಲೆ, ಕೊಟ್ಟಿಗೆಯಲ್ಲಿ ಮಲಗಿದ್ದ ಅಜ್ಜನ ಕಾಲದ ಕಾರುಗಳನ್ನು ರಸ್ತೆಗೆ ತರುವ ಉತ್ಸಾಹ ಹೆಚ್ಚಿದೆ. 1920, 30ರ ದಶಕದ ಕೆಲವು ಅಮೆರಿಕನ್ ಕಾರುಗಳಲ್ಲಿ ಫ್ಲೋಟ್ ಹಿತ್ತಾಳೆಯದಲ್ಲ, ಕಾರ್ಕಿನದು, ಪೆಟ್ರೋಲ್ ಹೀರದಿರಲೆಂದು ಮೇಲೆ ಅರಗಿನ ಲೇಪ. ಅರಗು ಪೆಟ್ರೋಲಿಗೆ ಕರಗುವುದಿಲ್ಲ, ಸ್ಪಿರಿಟ್ಟಿಗೆ ಕರಗುತ್ತದೆ. ಮರಕ್ಕೆ ಪಾಲಿಶ್ ಹಾಕುವ ಬಡಗಿಗಳಿಗೆಲ್ಲ ಗೊತ್ತು. ಎಥನಾಲ್ ಎಂದರೆ ಸ್ಪಿರಿಟ್ಟೇ. ಈಗಿನ ಪೆಟ್ರೋಲ್ ಹಾಕಿ ಬಿಟ್ಟರೆ ಲೇಪ ಕರಗಿ ಜೆಟ್ಟುಗಳಲ್ಲಿ ಅಂಟಾಗಿ ಕೂರುತ್ತದೆ, ಕಾರ್ಕ್ ಪೆಟ್ರೋಲ್ ಕುಡಿದು ಮುಳುಗುತ್ತದೆ, ನೀಡಲ್ ತೆರೆದೇ ಉಳಿಯುತ್ತದೆ. ಇಂಥ ಕಾರಿನ ಟ್ಯಾಂಕಿಗೆ ಪೆಟ್ರೋಲ್ ಹಾಕಿಸುವ ಮುಂಚೆ ಬೌಲ್ ಬಿಚ್ಚಿ ಫ್ಲೋಟ್ ಯಾವುದರದ್ದೆಂದು ನೋಡಲಿ. ಕಾರ್ಕಿನದಾದರೆ ಎಥನಾಲ್ ತಡೆಯುವ ಹೊಸ ಫ್ಲೋಟ್ ಹಾಕಿಸಿ, ಅದರ ತೂಕಕ್ಕೆ ತಕ್ಕಂತೆ ಮಟ್ಟವನ್ನು ಪೆಟ್ರೋಲಿನಲ್ಲೇ ಅಳೆದು ಕೂರಿಸಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕಾರ್ಬುರೇಟರ್ ಮೆಕ್ಯಾನಿಕ್,
ಮೈಸೂರು